ಬೋರ್ಡಿನ ಮಾತು ಎಲೆಯ ಮೇಲಿರಲಿ

(ದೆಹಲಿಯ ಮುಖರ್ಜಿ ನಗರದಲ್ಲಿ ಹೋಟೆಲ್ ಮತ್ತು ಗಿರಣಿ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಸ್ವಂತ ಖಾನಾವಳಿ ಇಡಬೇಕೆಂದಿರುವ ನಮ್ಮ ತರುಣರಿಗೆ ಬೋರ್ಡು, ಚಿತ್ರ, ಮೊಬೈಲಿನ ಪ್ರಚಾರ ಇವುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ. ಹನ್ನೊಂದು ವರ್ಷ ಟೇಬಲ್ ಒರೆಸಿ, ಆಮೇಲೆ ಗಲ್ಲೆಯಲ್ಲಿ ಕುಳಿತವನು. ಕೈ ಸುಟ್ಟುಕೊಂಡು ಕಲಿತದ್ದನ್ನಷ್ಟೇ ಹೇಳಬಲ್ಲೆ.

ನೀವು ಮೆಟ್ರೋ ಇಳಿದು ಇಲ್ಲಿಗೆ ಬರುವಾಗ ದಾರಿಯ ಗೋಡೆಗಳನ್ನು ನೋಡಿರಬೇಕು. ಐ.ಎ.ಎಸ್. ಪರೀಕ್ಷೆಯ ತರಬೇತಿಗೆ ಈ ಮುಖರ್ಜಿ ನಗರ ದೇಶಕ್ಕೆಲ್ಲ ಹೆಸರಾದ ಜಾಗ. ಒಂದು ಕಾಗದದ ಮೇಲೆ ಇನ್ನೊಂದು ಕಾಗದ, ಒಂದು ಮುಖದ ಮೇಲೆ ಇನ್ನೊಂದು ಮುಖ! ಗೆದ್ದ ಹುಡುಗರ ಚಿತ್ರ ಹಾಕಿ, ಇವರೆಲ್ಲ ನಮ್ಮವರೇ ಎಂದು ಸಾರುವುದು ಇಲ್ಲಿಯ ವಾಡಿಕೆ. ಸಂದರ್ಶನಕ್ಕೆ ಮುಂಚೆ ನಾಲ್ಕು ದಿನ ಪುಕ್ಕಟೆ ಸಲಹೆ ಪಡೆದವನನ್ನೂ ಪೂರ್ತಿ ಪಾಠ ಕಲಿತ ಶಿಷ್ಯನೆಂಬಂತೆ ತೋರಿಸಿದವರುಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಜಾಹೀರಾತುಗಳಿಗಾಗಿ ಹಲವು ತರಬೇತಿ ಸಂಸ್ಥೆಗಳಿಗೆ ದಂಡ ಹಾಕಿ, 2024ರ ನವೆಂಬರಿನಲ್ಲಿ ನಿಯಮಗಳನ್ನೇ ಹೊರಡಿಸಿತು. ಗೆದ್ದವನ ಲಿಖಿತ ಒಪ್ಪಿಗೆಯಿಲ್ಲದೆ ಅವನ ಚಿತ್ರ ಬಳಸಕೂಡದು; ಅವನು ಓದಿದ್ದು ಯಾವ ಪಾಠ ಎಂಬುದನ್ನು ಮರೆಮಾಚಕೂಡದು.

ಇದರಿಂದ ಹೋಟೆಲಿನವರಿಗೇನು ಎನ್ನುವಿರಾ? ನಾನೂ ಅದೇ ತಪ್ಪು ಮಾಡಿದವನು. ಮೊದಲ ಸಲ ಖಾನಾವಳಿ ಇಟ್ಟಾಗ, ಇಪ್ಪತ್ತು ಬಗೆಯ ತಿಂಡಿ ಸಿಗುತ್ತದೆಂದು ಕರಪತ್ರ ಹೊಡೆಸಿದೆ. ಯಾರದೋ ದೋಸೆಯ ಚಿತ್ರವನ್ನು ಅಂತರ್ಜಾಲದಿಂದ ಎತ್ತಿ ಹಾಕಿದೆ. ಮೊದಲ ದಿನ ಜನ ಕಿಕ್ಕಿರಿದು ಬಂದರು. ಒಳಗಿದ್ದುದು ಆರು ಬಗೆ, ಒಂದು ಕಾವಲಿ, ಇಬ್ಬರ ಕೈ. ಒಂಬತ್ತೂವರೆಗೆ ಹಿಟ್ಟು ಮುಗಿಯಿತು. ಗಡಿಬಿಡಿಯಲ್ಲಿ ನಮ್ಮ ಭಟ್ಟರು ಕುದಿಯುವ ಸಾಂಬಾರನ್ನು ಕೈಮೇಲೆ ಚೆಲ್ಲಿಕೊಂಡರು. ಬಂದ ಹುಡುಗರು ಮತ್ತೆ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಬಾಗಿಲು ಹಾಕಿದೆ. ಹೋದದ್ದು ನನ್ನ ಹಣ ಮಾತ್ರವಲ್ಲ. ಭಟ್ಟರ ಎರಡು ತಿಂಗಳ ದುಡಿಮೆಯೂ ಹೋಯಿತು. ಅಡಿಗೆಮನೆಯ ಶಕ್ತಿ ಮೀರಿದ ಪ್ರಚಾರಕ್ಕೆ ತೆರಿಗೆ ಕೊಡುವವನು ಒಲೆಯ ಮುಂದೆ ನಿಂತವನು. ಇದನ್ನು ಮರೆಯಬೇಡಿ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಒಂದು ಗುರುತು. ಗಿರಣಿಯ ಬಂಧುಗಳಿಗೆ ಇದು ಹೊಸದಲ್ಲ. ಹಿಂದೆ ಬಟ್ಟೆಯ ಕಟ್ಟುಗಳ ಮೇಲೆ ಗಿರಣಿಗಳು ಬಣ್ಣದ ಚೀಟಿ ಅಂಟಿಸುತ್ತಿದ್ದವು. ಮ್ಯಾಂಚೆಸ್ಟರಿನವರು ಸಹ ಕೃಷ್ಣನ, ಸರಸ್ವತಿಯ ಚಿತ್ರ ಅಚ್ಚು ಹಾಕಿಸಿ ಕಳುಹಿಸುತ್ತಿದ್ದರು. ಅಕ್ಷರ ಬಾರದವನೂ ಚಿತ್ರ ನೋಡಿ ಬಟ್ಟೆ ಕೇಳಲಿ ಎಂಬುದೇ ಅದರ ಮರ್ಮ. ನಿಮಗೂ ಒಂದೇ ಚಿತ್ರ, ಎರಡೇ ಬಣ್ಣ ಸಾಕು. ಬೋರ್ಡಿಗೂ ದರಪಟ್ಟಿಗೂ ಮೊಬೈಲಿಗೂ ಅದೇ ಇರಲಿ, ತಿಂಗಳಿಗೊಮ್ಮೆ ಬದಲಿಸಬೇಡಿ. ಬೋರ್ಡಿನ ಅಕ್ಷರ ರಸ್ತೆಯ ಆಚೆ ಬದಿಯಿಂದ ಓದುವಂತಿರಲಿ. ಹಿಂದಿಯಲ್ಲಿ ದೊಡ್ಡದಾಗಿ ಬರೆಸಿ, ಪಕ್ಕದಲ್ಲಿ ಕನ್ನಡದಲ್ಲೂ ಬರೆಸಿ. ಊರು ಬಿಟ್ಟು ಬಂದ ನಮ್ಮ ಹುಡುಗನೊಬ್ಬ ಅದನ್ನು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ.

ಎರಡನೆಯದು, ಚಿತ್ರ. ನಿಮ್ಮ ಕಾವಲಿಯ ದೋಸೆಯನ್ನೇ ತೆಗೆಯಿರಿ. ಮೊಬೈಲಿನ ಗಾಜು ಒರೆಸಿ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಇಟ್ಟು ತೆಗೆದರೆ ಬೇರೆ ಅಲಂಕಾರ ಬೇಡ. ಭಟ್ಟರ ಚಿತ್ರ ಹಾಕುವುದಾದರೆ ಅವರನ್ನು ಕೇಳಿ ಹಾಕಿ, ಹೆಸರನ್ನೂ ಹಾಕಿ.

ಮೂರನೆಯದು, ಮೊಬೈಲು. ವಾಟ್ಸಾಪಿನಲ್ಲಿ ವ್ಯಾಪಾರಿಗಳಿಗೆಂದೇ ಪುಕ್ಕಟೆ ಸೌಕರ್ಯವಿದೆ. ದರಪಟ್ಟಿಯನ್ನು ಅದರಲ್ಲೇ ಇಡಬಹುದು. ಬೆಳಿಗ್ಗೆ ಒಂದೇ ಸಲ, ಇಂದು ಏನಿದೆ, ಎಷ್ಟು ಹೊತ್ತಿನ ತನಕ, ದರವೆಷ್ಟು ಎಂದು ಬರೆಯಿರಿ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಹಾಕಲು ಕಾಸು ಬೇಡ. ರಜೆಯ ದಿನವನ್ನು ಮಾತ್ರ ತಪ್ಪದೆ ತಿದ್ದಿ. ಯಾರಾದರೂ ದೂರು ಬರೆದರೆ ಜಗಳಕ್ಕೆ ನಿಲ್ಲದೆ ಮರ್ಯಾದೆಯಿಂದ ಉತ್ತರ ಕೊಡಿ. ಆ ಉತ್ತರವನ್ನು ನೂರು ಜನ ಓದುತ್ತಾರೆ. ಹೊಸ ಗಿರಾಕಿ ಬಂದರೆ, ನಮ್ಮ ವಿಷಯ ಹೇಗೆ ತಿಳಿಯಿತು ಎಂದು ಕೇಳಿ ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿ. ಒಂದು ತಿಂಗಳಲ್ಲಿ ಯಾವ ಪ್ರಚಾರಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ ಎಂಬುದು ತಾನೇ ಕಾಣುತ್ತದೆ.

ಕೊನೆಯದಾಗಿ, ನಿಜವೇ ದೊಡ್ಡ ಜಾಹೀರಾತು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರ ಇಳಿಸಬೇಕಾಗಿ ಬಂದಾಗ, ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ರುಚಿ ಕೆಡಿಸದೆ, ದಿನದ ನಷ್ಟವನ್ನೇ ಹೊರಗೆ ಬರೆದು ಹಾಕುತ್ತಿದ್ದರೆಂಬುದು ನಮ್ಮ ಹೋಟೆಲಿನವರೆಲ್ಲ ಕೇಳಿದ ಮಾತು. ಅದಕ್ಕಿಂತ ಒಳ್ಳೆಯ ಬೋರ್ಡನ್ನು ಯಾವ ಚಿತ್ರಗಾರ ಬರೆದಾನು?

ಒಬ್ಬನೇ ಹೆದರುವುದಾದರೆ ನಾಲ್ಕು ಜನ ಸೇರಿ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಹೋದ ನೌಕರರು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಅದೇ ವರ್ಷ ಅಕ್ಟೋಬರ್ 27ರಂದು ನೌಕರರದೇ ಆದ ಮೊದಲ ಕಾಫಿ ಹೌಸು ತೆರೆದದ್ದು ಇದೇ ದೆಹಲಿಯಲ್ಲಿ. ಬಡಿಸುವವನೇ ಧಣಿಯಾಗಬಹುದೆಂದು ತೋರಿಸಿದವರು ಅವರು.

ನಾವೂ ಈಗ ಮೂವರು ಸೇರಿ ಮತ್ತೆ ಒಲೆ ಹಚ್ಚಿದ್ದೇವೆ. ಭಟ್ಟರೂ ಅದರಲ್ಲಿ ಒಬ್ಬ ಪಾಲುದಾರರು. ಬೋರ್ಡಿನಲ್ಲಿ ಆರೇ ಬಗೆ ಬರೆಸಿದ್ದೇವೆ, ಆರೂ ಸಿಗುತ್ತವೆ. ಬನ್ನಿ, ಕಾಫಿ ಕುಡಿದು ಹೋಗಿ.