ಮಂಜಿನೂರಿನಲ್ಲಿ ಶಾಯಿಯ ಗೆರೆ

(ಸಕಲೇಶಪುರದಲ್ಲಿ ಚಿತ್ರಕಲಾಸಕ್ತ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಕನ್ನಡದಲ್ಲಿ ನಾವು ಕಾಗದ ಬರೆಯುತ್ತೇವೆ, ಲೆಕ್ಕ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮೂರಕ್ಕೂ ಒಂದೇ ಕ್ರಿಯಾಪದ. ಪತ್ರಿಕೆಯ ಕೆಲಸ ಮಾಡುವ ನನಗೆ ಇದು ಬಹಳ ಹಿಡಿಸಿದ ಸಂಗತಿ. ಏಕೆಂದರೆ ನಾನಿಂದು ಹೇಳಹೊರಟಿರುವ ಚಿತ್ರ ವರದಿಗೆ ತೀರ ಹತ್ತಿರದ್ದು. ಬಸ್ ನಿಲ್ದಾಣದಲ್ಲೋ, ಸಂತೆಯಲ್ಲೋ, ಕಾಫಿ ಕಣದ ಅಂಚಿನಲ್ಲೋ ಕುಳಿತು ಎದುರಿಗೆ ಕಂಡ ಜನರನ್ನೂ ಕಟ್ಟಡಗಳನ್ನೂ ಅಲ್ಲಿಯೇ ಪೆನ್ನಿನಿಂದ ಬರೆದು ಮುಗಿಸುವ ಚಿತ್ರ. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಮನೆಗೆ ಹೋಗಿ ತಿದ್ದುವಂತಿಲ್ಲ.

ನಮ್ಮ ಕಡೆ ಹೀಗೆ ಹಾಳೆ ಹಿಡಿದು ರಸ್ತೆ ಬದಿಯಲ್ಲಿ ನಿಂತರೆ ಯಾರಾದರೊಬ್ಬರು ಬಂದು ಕೇಳುವ ಪ್ರಶ್ನೆ ಒಂದೇ: "ಸರ್ವೆಗೆ ಬಂದಿದ್ದೀರಾ ಸಾರ್?" ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ರಸ್ತೆ ಅಗಲವಾಗುವ ಮುಂಚೆ, ರೈಲು ಹಳಿ ಬೀಳುವ ಮುಂಚೆ, ಒತ್ತುವರಿಯ ನೋಟಿಸು ಬರುವ ಮುಂಚೆ ಇಲ್ಲಿಗೆ ಬಂದವರೆಲ್ಲ ಹಾಳೆ ಹಿಡಿದುಕೊಂಡೇ ಬಂದಿದ್ದಾರೆ. ಗುಡ್ಡವನ್ನು ದಿಟ್ಟಿಸಿ ಗೆರೆ ಎಳೆಯುವವರ ಮೇಲೆ ಊರಿನವರಿಗೆ ಅನುಮಾನವಿದ್ದರೆ ಅದಕ್ಕೆ ಇನ್ನೂರು ವರ್ಷಗಳ ಆಧಾರವಿದೆ.

ಮೈಸೂರು ಸೀಮೆಯ ಬೆಟ್ಟ, ಕೋಟೆಗಳನ್ನು ಸ್ಥಳದಲ್ಲೇ ನೋಡಿ ಬರೆದು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೊದಲಿಗರು ಯುದ್ಧದ ಜೊತೆಗೆ ಬಂದವರು. ರಾಬರ್ಟ್ ಹೋಮ್ ಎಂಬ ಕಲಾವಿದ ಕಾರ್ನ್‌ವಾಲಿಸನ ಸೇನೆಯ ಜೊತೆ ಸುತ್ತಿದ. ಅವನ ಮೈಸೂರು ದೃಶ್ಯಗಳ ಪುಸ್ತಕ 1794ರಲ್ಲಿ ಹೊರಬಂತು. ಜೇಮ್ಸ್ ಹಂಟರ್ ಫಿರಂಗಿ ದಳದ ಲೆಫ್ಟಿನೆಂಟ್. ಅವನು 1792ರಲ್ಲೇ ತೀರಿಕೊಂಡ, ಅವನ ಚಿತ್ರಗಳು 1805ರಲ್ಲಿ ಪುಸ್ತಕವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಸರಪಳಿ ಹಿಡಿದು ಅಳೆಯುವವರ ಜೊತೆಗೆ ನಕ್ಷೆ ಮತ್ತು ಚಿತ್ರ ಬರೆಯುವವರೂ ಅವನ ತಂಡದಲ್ಲಿದ್ದರು. ಆ ಹಾಳೆಗಳಲ್ಲಿ ಬಹಳಷ್ಟು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಮೆಕೆಂಜಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ನೆರವಿನಿಂದ ಅವನು ಶಾಸನ, ಕೈಫಿಯತ್ತು, ಊರಿನ ಕಥೆಗಳನ್ನೂ ಸಂಗ್ರಹಿಸಿದ. ಕನ್ನಡದ ಚರಿತ್ರೆಕಾರರು ಇಂದಿಗೂ ಅದರ ಋಣದಲ್ಲಿದ್ದಾರೆ. ಆದರೆ ಆ ಕಾಲದ ದೃಶ್ಯಚಿತ್ರಗಳನ್ನು ಒಟ್ಟಾಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮುಂಭಾಗದಲ್ಲಿ ಒಬ್ಬ ದನಗಾಹಿ, ತಲೆಯ ಮೇಲೆ ಹೊರೆ ಹೊತ್ತ ಒಬ್ಬ ಹೆಂಗಸು ನಿಂತಿರುತ್ತಾರೆ. ಹಿಂದಿನ ಬಂಡೆ ಎಷ್ಟು ಎತ್ತರ ಎಂದು ತೋರಿಸುವುದು ಅವರ ಕೆಲಸ. ಅವರಿಗೆ ಹೆಸರಿಲ್ಲ, ಅನೇಕ ಕಡೆ ಮುಖವೂ ಇಲ್ಲ. ಸ್ಥಳದಲ್ಲೇ ಬರೆದ ಚಿತ್ರವೆಂದ ಮಾತ್ರಕ್ಕೆ ಅದು ಸ್ಥಳದ ಜನರನ್ನು ಕಂಡಿದೆ ಎನ್ನುವ ಹಾಗಿಲ್ಲ.

ನೀವೆಲ್ಲ ಹತ್ತಾರು ಸಲ ಹತ್ತಿರುವ ಮಂಜರಾಬಾದ್ ಕೋಟೆಯನ್ನೇ ತೆಗೆದುಕೊಳ್ಳಿ. ಟಿಪ್ಪು ಸುಲ್ತಾನ್ 1792ರಲ್ಲಿ ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ, ಸಮುದ್ರ ಮಟ್ಟದಿಂದ 3,241 ಅಡಿ ಎತ್ತರ. ಈಗ ಎಲ್ಲರ ಮೊಬೈಲಿನಲ್ಲೂ ಡ್ರೋನ್ ತೆಗೆದ ಆ ನಕ್ಷತ್ರದ ಚಿತ್ರವಿದೆ. ಆದರೆ ಕೋಟೆಯ ಒಳಗೆ ನಿಂತವರಿಗೆ ನಕ್ಷತ್ರ ಎಲ್ಲಿ ಕಾಣುತ್ತದೆ? ಅದನ್ನು ಕಂಡವರು ನಕ್ಷೆ ಬರೆದ ಎಂಜಿನಿಯರು ಮತ್ತು ಹದ್ದು. ನೆಲದ ಮೇಲೆ ಕುಳಿತವರಿಗೆ ಕಾಣುವುದು ಓರೆಯಾಗಿ ಏರಿದ ಕಲ್ಲಿನ ಗೋಡೆ, ಇದ್ದಕ್ಕಿದ್ದಂತೆ ತಿರುಗುವ ಚೂಪು ಮೂಲೆ, ನಡುವಿನ ಶಿಲುಬೆಯಾಕಾರದ ಕೊಳ, ಮದ್ದಿನ ಕೋಣೆಯ ಕತ್ತಲೆ, ಅಂಗಳದಲ್ಲಿ ಛತ್ರಿ ಹಿಡಿದು ನಿಂತ ಪ್ರವಾಸಿ ಕುಟುಂಬ. ಗೋಡೆ ಏಕೆ ಅಷ್ಟು ಸಲ ಮುರಿದು ತಿರುಗುತ್ತದೆ ಎಂದು ನನಗೆ ಅರ್ಥವಾದದ್ದು ಅದನ್ನು ಬರೆಯುವಾಗ. ಯಾವ ಮೂಲೆಯಲ್ಲಿ ನಿಂತರೂ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣುತ್ತದೆ. ಬುಡಕ್ಕೆ ಬಂದ ಶತ್ರುವಿಗೆ ಅಡಗುವ ಜಾಗವೇ ಇಲ್ಲ.

ನಮ್ಮವರಲ್ಲಿ ಬೀದಿಯ ಚಿತ್ರಕ್ಕೆ ಜೀವ ಕೊಟ್ಟವರೆಂದರೆ ನನಗೆ ಇಬ್ಬರು ನೆನಪಾಗುತ್ತಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ (1921-2015) ಕಿಟಕಿಯಿಂದ ಕಂಡ ಕಾಗೆ, ಎದುರು ಮನೆಯ ಮಾಡು, ಸೌದೆ ಒಡೆಯುವ ಆಳು, ಹೀಗೆ ಸಿಕ್ಕಿದ್ದನ್ನೆಲ್ಲ ಬರೆದು ಕೈ ಪಳಗಿಸಿಕೊಂಡವರು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿದ್ದು ಎಲ್ಲರಿಗೂ ತಿಳಿದ ಕಥೆ. ಅವರ ವ್ಯಂಗ್ಯಚಿತ್ರದ ರಾಜಕಾರಣಿಯ ಹಿಂದೆ ಸೋರುವ ನಲ್ಲಿ, ಹರಿದ ಪೋಸ್ಟರು, ಮಲಗಿದ ನಾಯಿ ಇರುತ್ತವೆ. ಅವು ಸುಮ್ಮನೆ ಕುಳಿತು ಕಲ್ಪಿಸಿಕೊಂಡವಲ್ಲ. ಇನ್ನೊಬ್ಬರು ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911-1996). ಅವರು ಅದೇ ಜೆ.ಜೆ. ಶಾಲೆಯಲ್ಲಿ ಓದಿದವರು. ದೇಹದ ಲಯ ತಿಳಿಯಬೇಕೆಂದು ಕಥಕ್ ನೃತ್ಯ ಕಲಿತರು. ಒಂದೇ ಗೆರೆ ಕೈ ಎತ್ತದೆ ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿದು ಒಬ್ಬ ನರ್ತಕಿಯೋ ಕೂಲಿಯೋ ಆಗುವುದನ್ನು ನೋಡಬೇಕೆಂದರೆ ಹೆಬ್ಬಾರರ ರೇಖೆಗಳನ್ನು ನೋಡಬೇಕು.

ಈಗ ಕೈಕೆಲಸಕ್ಕೆ ಬರೋಣ. ಮೈಸೂರಿನಲ್ಲೇ ತಯಾರಾಗುವ ಬ್ರಿಲ್ ಇಂಕು ಅಂಗಡಿಯಲ್ಲಿ ಸಿಗುತ್ತದೆ. ಫೌಂಟನ್ ಪೆನ್ನಿಗೆ ಹಾಕುವ ಇಂಥ ಇಂಕು ನೀರು ತಗುಲಿದರೆ ಹರಡುತ್ತದೆ. ದೀಪದ ಮಸಿಯಂಥ ಕರಿಯಿಂದ ಮಾಡುವ 'ಇಂಡಿಯನ್ ಇಂಕ್' ಒಣಗಿದ ಮೇಲೆ ಅಲುಗುವುದಿಲ್ಲ. ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನು ಕಟ್ಟಿಕೊಂಡು ಕೆಡುತ್ತದೆ. ಅದಕ್ಕೆ ಅದ್ದಿ ಬರೆಯುವ ನಿಬ್ಬೇ ಆಗಬೇಕು. (ಅಳಿಸಲಾಗದ ಶಾಯಿಯ ಮಾತು ಬಂದಾಗ ಮೈಸೂರನ್ನು ಮರೆಯಬಾರದು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವ ಶಾಯಿ ಅಲ್ಲಿನದೇ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯದು.) ಸಕಲೇಶಪುರದ ಮಳೆಗಾಲದಲ್ಲಿ ಹಾಳೆಯೇ ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಆಗ ಸಾದಾ ಬಾಲ್‌ಪೆನ್ನಿನಷ್ಟು ಉಪಕಾರಿ ಯಾವುದೂ ಇಲ್ಲ. ಹರಡುವ ಇಂಕನ್ನು ಬೇಕೆಂದೇ ಬಳಸುವುದೂ ಉಂಟು. ಬರೆದ ಗೆರೆಯ ಮೇಲೆ ಒದ್ದೆ ಬೆರಳು ಎಳೆದರೆ ನಸುಗಪ್ಪು ಹಬ್ಬುತ್ತದೆ, ಹಿಂದಿನ ಗುಡ್ಡ ಮಂಜಿಗೆ ಸರಿಯುತ್ತದೆ.

ಜನರನ್ನು ಬರೆಯುವುದು ಹೇಗೆ, ಅವರು ಅಲ್ಲಾಡುತ್ತಾರಲ್ಲ ಎಂದು ಇಲ್ಲಿ ಒಬ್ಬರು ಆಗಲೇ ಕೇಳಿದರು. ಅಲ್ಲಾಡುತ್ತಾರೆ, ಆದರೆ ಕೆಲಸ ಮಾಡುವವರು ಮತ್ತೆ ಅದೇ ಭಂಗಿಗೆ ಬರುತ್ತಾರೆ. ಕಣದಲ್ಲಿ ಕಾಫಿ ಹರಡುವ ಹೆಂಗಸು ಬಾಗುತ್ತಾರೆ, ಎಳೆಯುತ್ತಾರೆ, ನೆಟ್ಟಗಾಗುತ್ತಾರೆ, ಮತ್ತೆ ಬಾಗುತ್ತಾರೆ. ಒಂದೇ ಹಾಳೆಯಲ್ಲಿ ಮೂರು ಆಕೃತಿ ಶುರು ಮಾಡಿ, ಅವರು ಯಾವ ಭಂಗಿಗೆ ಬಂದರೋ ಆ ಆಕೃತಿಗೆ ಎರಡು ಗೆರೆ ಸೇರಿಸುತ್ತ ಹೋಗಿ. ಮುಖದಿಂದ ಆರಂಭಿಸಬೇಡಿ, ಮೈಭಾರ ಯಾವ ಕಾಲಿನ ಮೇಲಿದೆ ಎಂದು ಮೊದಲು ನೋಡಿ. ಹೆಂಚಿನ ಮಾಡು ಬರೆಯುವಾಗ ಹೆಂಚುಗಳನ್ನೆಲ್ಲ ಎಣಿಸಹೋಗಬೇಡಿ. ಅಂಚಿನ ಸಾಲು, ಒಡೆದ ಎರಡು ಹೆಂಚು ಇದ್ದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ತಪ್ಪು ಬಿದ್ದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ. ಎರಡೂ ಇರಲಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ತಲೆ ತಗ್ಗಿಸಿ ಒಂದು ಗಂಟೆ ಕೂರುವ ಮುಂಚೆ ಆನೆ ಯಾವ ಕಡೆ ಇದೆ ಎಂದು ಕೆಲಸದವರನ್ನು ಕೇಳಿಕೊಳ್ಳಿ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ತೊಂದರೆ ಅಲ್ಲಿಗೆ ಮುಗಿಯಲಿಲ್ಲ.

ಸ್ಥಳದಲ್ಲೇ ಚಿತ್ರ ಬರೆಯುವವರು ಈಗ ಜಗತ್ತಿನ ಅನೇಕ ನಗರಗಳಲ್ಲಿ ಕೂಟ ಕಟ್ಟಿಕೊಂಡಿದ್ದಾರೆ. 'ಅರ್ಬನ್ ಸ್ಕೆಚರ್ಸ್' ಎಂಬ ಈ ಬಳಗವನ್ನು 2007ರಲ್ಲಿ ಆರಂಭಿಸಿದ ಗೇಬ್ರಿಯಲ್ ಕಂಪನಾರಿಯೊ ಅಮೆರಿಕದ ಸಿಯಾಟಲ್ ನಗರದ ಒಂದು ದಿನಪತ್ರಿಕೆಯಲ್ಲಿ ಚಿತ್ರಕಾರರಾಗಿದ್ದವರು. ಎದುರಿಗೆ ಕಂಡದ್ದನ್ನೇ ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು ಎಂಬುದು ಅವರು ಹಾಕಿಕೊಂಡ ಕಟ್ಟಳೆ. ಒಳ್ಳೆಯದೇ. ಆದರೆ ನಗರದಲ್ಲಿ ಜನ ಪರಸ್ಪರ ಅಪರಿಚಿತರು. ಆಲೂರಿನ ಸಂತೆಯಲ್ಲಿ ಹಾಗಲ್ಲ. ಇಲ್ಲಿ ಆ ಕಟ್ಟಳೆಗೆ ಇನ್ನೊಂದನ್ನು ಸೇರಿಸಬೇಕೆಂದು ನನ್ನ ಅಭಿಪ್ರಾಯ: ಬರೆದದ್ದನ್ನು ಬರೆಸಿಕೊಂಡವರಿಗೆ ತೋರಿಸಬೇಕು.

ಮೊಬೈಲಿನಲ್ಲಿ ಫೋಟೊ ತೆಗೆದು ಅವರಿಗೆ ಗೊತ್ತಾಗುವ ಮುಂಚೆ ನಡೆದುಬಿಡಬಹುದು. ಚಿತ್ರ ಬರೆಯುವವರು ಅರ್ಧ ಗಂಟೆ ಎದುರಿಗೇ ಕೂರಬೇಕು, ಅವರೂ ನಿಮ್ಮನ್ನು ನೋಡುತ್ತಾರೆ. ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕೆಲಸಗಾರರೂ ಇದ್ದಾರೆ. ಯಾರಾದರೂ ತಮ್ಮ ಹೆಸರು, ಮುಖ ಹಾಳೆಯ ಮೇಲೆ ಬರುವುದನ್ನು ಕಂಡು ಹೆದರಿದರೆ ಪುಟ ಹರಿದು ಅವರ ಕೈಗೇ ಕೊಟ್ಟುಬಿಡಿ. ಒಳ್ಳೆಯ ಚಿತ್ರ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಕೊಡಿ. ಒಪ್ಪಿದವರು ಮಾತ್ರ ಸುಮ್ಮನಿರುವುದಿಲ್ಲ. "ನನ್ನ ಮೂಗು ಹಿಂಗೈತಾ?" ಎಂದು ಜಗಳ ತೆಗೆಯುತ್ತಾರೆ. ಸೊಂಟದ ಚೀಲಕ್ಕೆ ಏನೆನ್ನುತ್ತಾರೆ, ಗೊರಬು ಹೋಗಿ ಪ್ಲಾಸ್ಟಿಕ್ ಹಾಳೆ ಯಾವಾಗ ಬಂತು ಎಂಬುದೆಲ್ಲ ಆಗ ಹೊರಗೆ ಬರುತ್ತದೆ. ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಬರೆಯಲು ಬೇಕಾದಷ್ಟಿದೆ, ಕಾಯುವಷ್ಟು ಪುರುಸೊತ್ತು ಇಲ್ಲ. ಘಟ್ಟ ಇಳಿಯುತ್ತಿದ್ದ ಮೀಟರ್ ಗೇಜ್ ರೈಲು 1996ರಲ್ಲಿ ನಿಂತಿತು. 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಬಂದಾಗ ಹಳಿಯೂ ಬೋಗಿಯೂ ಬೇರೆ. ದೋಣಿಗಾಲಿನಲ್ಲಿ 2021ರ ಜುಲೈಯಲ್ಲೂ 2022ರ ಜುಲೈಯಲ್ಲೂ ಹೆದ್ದಾರಿ ಕುಸಿಯಿತು. ಆ ತಿರುವು ಮೊದಲು ಹೇಗಿತ್ತು ಎಂದು ಅಲ್ಲಿ ಚಹಾ ಮಾರುವವರು ಕೈ ಆಡಿಸಿ ಹೇಳುತ್ತಾರೆ. ಪೇಟೆಯ ಹೆಂಚಿನ ಅಂಗಡಿಗಳು ಒಂದೊಂದಾಗಿ ಆರ್‌ಸಿಸಿ ಆಗುತ್ತಿವೆ. ಮಾಲೀಕರನ್ನು ದೂರಲಾಗದು, ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆಯುವವರು ಅವರೇ.

ಹಾಳೆಯ ಮೂಲೆಯಲ್ಲಿ ಊರು, ತಾರೀಖು, ಹೊತ್ತು ಹಾಕುವುದನ್ನು ಮರೆಯಬೇಡಿ. ಹೊರಗೆ ಮಳೆ ಬಿಟ್ಟಿರುವಂತಿದೆ. ಹೇಮಾವತಿ ಸೇತುವೆಯ ಈ ತುದಿಯಲ್ಲಿ, ಸಕಲೇಶ್ವರ ದೇವಸ್ಥಾನದ ಕಡೆ, ಹತ್ತು ಜನ ಕೂರುವಷ್ಟು ಜಾಗವಿದೆ. ಉಳಿದವರು ಬಸ್ ನಿಲ್ದಾಣಕ್ಕೆ ಬನ್ನಿ.