ನಡುಗೋಡೆ ತೆಗೆಯುವ ಮುನ್ನ



ಮಕ್ಕಳ ಮದುವೆ ಗೊತ್ತಾದೊಡನೆ ನಡುಮನೆ ಕಿರಿದೆನಿಸುತ್ತದೆ. ಗೋಡೆಯೊಂದನ್ನು ಕೆಡವೋಣವೆಂಬ ಆಲೋಚನೆ ಮೂಡುತ್ತದೆ. ಉತ್ತರಹಳ್ಳಿಯ ಕಡೆ ಹಿರಿಯರು ಬಿಟ್ಟುಹೋದ ಚಪ್ಪಡಿ ಮಾಳಿಗೆಯ ಮನೆಯುಳ್ಳವರು ಈ ಮಾತನ್ನು ಲಾಲಿಸಬೇಕು. ಎರಡು ಕೋಣೆಗಳ ಚಪ್ಪಡಿಗಳ ತುದಿಗಳು ಒಂದೇ ನಡುಗೋಡೆಯ ಮೇಲೆ ಕೂಡುತ್ತವೆ. 6 ಅಡಿ ಉದ್ದ, 1½ ಅಡಿ ಅಗಲ, 4 ಅಂಗುಲ ದಪ್ಪದ ಒಂದು ಚಪ್ಪಡಿಯೇ 200 ಕಿಲೋ ಮೀರುತ್ತದೆ. ಕಬ್ಬಿಣವಿರುವ ಕಾಂಕ್ರೀಟು ಬಾಗಿ, ಬಿರುಕುಬಿಟ್ಟು ಸೂಚನೆ ಕೊಡುವುದುಂಟು. ಕಲ್ಲು ಹಾಗಲ್ಲ, ಒಮ್ಮೆಗೇ ತುಂಡಾಗುತ್ತದೆ.

ಆದುದರಿಂದ ಮೊದಲು ಗೋಡೆಯ ಎರಡೂ ಬದಿಗೆ, ಪ್ರತಿಯೊಂದು ಚಪ್ಪಡಿಗೂ ತಗಲುವಂತೆ ಅಡ್ಡತೊಲೆಯಿಟ್ಟು ಕಂಬ ಕೊಡಬೇಕು. ಬುಡಕ್ಕೆ ಹಲಗೆ ಇರಲಿ. ಬೆಣೆಯನ್ನು ಬಿಗಿಯಾಗುವಷ್ಟೇ ಬಡಿಯಿರಿ, ಮಾಳಿಗೆಯನ್ನು ಎತ್ತಲು ಹೋಗಬೇಡಿ. ಎತ್ತಿದರೂ ಕಲ್ಲು ಸೀಳುತ್ತದೆ. ಅನಂತರವೇ ಗೋಡೆ ಬಿಚ್ಚಿ, ಇಂಜಿನಿಯರು ಲೆಕ್ಕ ಹಾಕಿದ ಉಕ್ಕಿನ ತೊಲೆಯನ್ನು ಎರಡು ತುದಿಗಳಲ್ಲಿ ಬಲಿತ ಕಾಂಕ್ರೀಟಿನ ಮೇಲೆ ಕೂರಿಸಿ, ತೊಲೆಗೂ ಚಪ್ಪಡಿಗೂ ನಡುವಣ ಸಂದಿಗೆ ಗಟ್ಟಿ ಗಾರೆ ತುಂಬಬೇಕು. ಗಾರೆ ಬಲಿಯುವ ಮೊದಲೇ, ಓಡಾಟಕ್ಕೆ ಅಡ್ಡಿಯೆಂದು ಕಂಬ ಕೀಳುವವರುಂಟು. ದಯವಿಟ್ಟು ಬೇಡ.

ಮುಂದಿನ ವಾರವೇ ಮದುವೆ ಎನ್ನುವಿರಾ? ಹಾಗಾದರೆ ಗೋಡೆ ಇರಲಿ, ಅಂಗಳದಲ್ಲಿ ಚಪ್ಪರ ಹಾಕಿಸಿರಿ.