ಕಾರ್ಡು ಕೈಯಲ್ಲಿದೆ, ಕನ್ನಡಕ ಎಲ್ಲಿದೆ?

(ತಾಲ್ಲೂಕು ಕೇಂದ್ರದಲ್ಲಿ ಸೇರಿದ್ದ ಬೀಡಿ, ಹೊಲಿಗೆ, ನೇಯ್ಗೆ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)

ಕೂಲಿ ದರದ ಬಗ್ಗೆ ಮಾತನಾಡಬೇಕೆಂದು ಕಾರ್ಯಕರ್ತರು ನನ್ನನ್ನು ಕರೆದರು. ನಾನು ಕನ್ನಡಕದ ಬಗ್ಗೆ ಮಾತನಾಡುತ್ತೇನೆ. ಎರಡೂ ಒಂದೇ ವಿಷಯವೆಂಬುದು ಮಾತು ಮುಗಿಯುವಷ್ಟರಲ್ಲಿ ತಮಗೆ ತಿಳಿದೀತು.

ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದೆ. ಅದು ರೋಗವಲ್ಲ; ತಲೆ ನರೆಯುವ ಹಾಗೆ ವಯಸ್ಸಿನ ಧರ್ಮ. ಸಾಹುಕಾರನಿಗೂ ಬರುತ್ತದೆ, ಕೂಲಿಯವನಿಗೂ ಬರುತ್ತದೆ. ಸಾಹುಕಾರನಿಗೆ ಪತ್ರಿಕೆಯ ಅಕ್ಷರ ಮಸುಕಾದರೆ ಸಂಜೆಯೊಳಗೆ ಕನ್ನಡಕ ಮನೆಗೆ ಬರುತ್ತದೆ. ಹೊಲಿಗೆಯ ತಾಯಿಗೆ ಸೂಜಿಯ ಕಣ್ಣು ಕಾಣದಿದ್ದರೆ ದಾರ ಪೋಣಿಸಲು ಮಗಳನ್ನು ಕೂಗುತ್ತಾಳೆ. ಮಗಳು ಶಾಲೆಗೆ ಹೋದ ದಿನ ಕೆಲಸ ಕುಂಟುತ್ತದೆ. ಬೀಡಿ ಸುತ್ತುವವಳು ಎಲೆಯ ತೂತು ಕಾಣದೆ ಸುತ್ತಿದರೆ, ಮಾಲು ಸರಿಯಿಲ್ಲವೆಂದು ತಳ್ಳಿಹಾಕಿದ ಬೀಡಿಗೆ ಕೂಲಿಯಿಲ್ಲ. ಕಣ್ಣು ಮಂಜಾದಷ್ಟೂ ಕೂಲಿ ಕಡಿಮೆ.

ಇದು ನನ್ನ ಊಹೆಯಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಹತ್ತಿರ ನೋಟದ ಕನ್ನಡಕ ಕೊಟ್ಟು, ದಿನವೂ ಕಿತ್ತ ಎಲೆಯನ್ನು ತೂಗಿದರು. 2018ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಕನ್ನಡಕ ಪಡೆದವರ ದುಡಿಮೆ ಪಡೆಯದವರಿಗಿಂತ ಶೇಕಡಾ 21ಕ್ಕೂ ಮೇಲೆ ಹೆಚ್ಚಿತು. ಐವತ್ತು ದಾಟಿದವರಲ್ಲಿ ಶೇಕಡಾ 31ಕ್ಕೂ ಮೇಲೆ. ಯಾವ ಮಾಲೀಕ ಒಂದೇ ಸಲಕ್ಕೆ ಇಷ್ಟು ಕೂಲಿ ಏರಿಸಿದ್ದಾನೆ?

ಈಗ ಕಾರ್ಡಿನ ಮಾತು. ಆಯುಷ್ಮಾನ್ ಭಾರತ ಯೋಜನೆ 2018ರಲ್ಲಿ ಬಂತು. ನಮ್ಮ ರಾಜ್ಯದಲ್ಲಿ ಅದೇ ವರ್ಷ ಆರೋಗ್ಯ ಕರ್ನಾಟಕದೊಡನೆ ಕೂಡಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯದೇ, ಆ ಕಾರ್ಡಿನಿಂದ ಜೀವ ಉಳಿದವರಿದ್ದಾರೆ. ಆದರೆ ಅದನ್ನು ಹಿಡಿದು ಪೇಟೆಯ ಕನ್ನಡಕದ ಅಂಗಡಿಗೆ ಹೋಗಿ ನೋಡಿ. ಅಂಗಡಿಯವನು ಕೈಯಾಡಿಸುತ್ತಾನೆ. ಅವನ ಮೇಲೆ ಸಿಟ್ಟಾಗಬೇಡಿ. ಅವನೊಡನೆ ಯಾರೂ ಕರಾರು ಮಾಡಿಲ್ಲ, ದರ ಗೊತ್ತುಮಾಡಿಲ್ಲ. ಆ ಕಾರ್ಡು ಆಸ್ಪತ್ರೆಯ ಹಾಸಿಗೆಗೆ ಬರೆದದ್ದು. ಹೊರರೋಗಿಯ ತಪಾಸಣೆ, ಕನ್ನಡಕ ಅದರೊಳಗಿಲ್ಲ. ಕಣ್ಣಿನ ಪೊರೆ ಬಲಿತು ಕತ್ತಲೆಯಾದರೆ ವಿಮೆಯುಂಟು. ದುಡಿಯುವ ಕಣ್ಣನ್ನು ದುಡಿಮೆಯಲ್ಲಿ ಉಳಿಸಲು ವಿಮೆಯಿಲ್ಲ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಶಿಬಿರ ಹೂಡಿ, ಲಕ್ಷಾಂತರ ಬಡವರ ಪೊರೆ ತೆಗೆದರು. ಆ ಪುಣ್ಯಾತ್ಮರಿಗೆ ನಮಸ್ಕಾರ. ಆದರೆ ಶಿಬಿರವೆಂಬುದು ಬಂದರೆ ಬಂತು. ಕಣ್ಣು ಬೇಕಾಗುವುದು ದಿನಾ ಬೆಳಿಗ್ಗೆ.

ಕನ್ನಡಕವನ್ನು ಸರ್ಕಾರ ಕೊಡಲಾದೀತೇ ಎಂದು ನಗುವವರಿದ್ದಾರೆ. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಕನ್ನಡಕವೂ ಉಚಿತವಾಗಿತ್ತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಹುಡುಗನಾಗಿ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಎಣಿಸಿದ್ದಕ್ಕಿಂತ ಬಹಳ ಜನ ಕನ್ನಡಕಕ್ಕೆ ಬಂದರು. ಅಷ್ಟು ದಿನ ಕಾಣದೆ ಬದುಕಿದವರು ಅಷ್ಟು ಜನ. 1951ರಲ್ಲಿ ಕೊರಿಯಾ ಯುದ್ಧದ ಸಮಯ, ಶಸ್ತ್ರಾಸ್ತ್ರದ ಖರ್ಚು ಏರಿತೆಂದು, ಅದೇ ಲೇಬರ್ ಸರ್ಕಾರ ಕನ್ನಡಕಕ್ಕೂ ಕಟ್ಟುಹಲ್ಲಿಗೂ ಅರ್ಧ ಬೆಲೆ ಹಾಕಿತು. ಬೆವನ್ ರಾಜೀನಾಮೆ ಬಿಸಾಡಿ ಹೊರಬಂದರು. ಕನ್ನಡಕ ಸಣ್ಣ ವಿಷಯವೆನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಕೊಟ್ಟ ಸರ್ಕಾರವೇ ಕಿತ್ತುಕೊಂಡೀತೆಂಬ ಪಾಠವೂ ಅದರಲ್ಲಿದೆ.

ಇಂದು ನಾವು ಮಾಡಬಹುದಾದದ್ದೇನು? ಮೊದಲನೆಯದು: ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಬರುವ ದಿನ ಯಾವುದೆಂದು ಕೇಳಿ ಹೋಗಿ. ಎರಡು ಕಣ್ಣಿನ ನಂಬರನ್ನೂ ಬರೆಸಿ ಚೀಟಿ ಕೈಗೆ ಪಡೆಯಿರಿ. ಚೀಟಿ ಇದ್ದರೆ ನಾಲ್ಕು ಅಂಗಡಿಯಲ್ಲಿ ಬೆಲೆ ವಿಚಾರಿಸಬಹುದು. ಎರಡನೆಯದು: 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳಿಗೂ ವೃದ್ಧರಿಗೂ ಉಚಿತ ಕನ್ನಡಕಕ್ಕೆ ಅವಕಾಶವಿದೆ. 2024ರಲ್ಲಿ ಹಾವೇರಿಯಲ್ಲಿ ಮುಖ್ಯಮಂತ್ರಿಗಳು ಚಾಲನೆ ಕೊಟ್ಟ ಆಶಾಕಿರಣದಲ್ಲಿ ಆಯ್ದ ಜಿಲ್ಲೆಗಳ ಮನೆಮನೆಗೆ ಹೋಗಿ ಕಣ್ಣು ನೋಡಿದರು. ನಮ್ಮೂರಿನ ಪಾಲು ಏನಾಯಿತೆಂದು ಆಶಾ ಕಾರ್ಯಕರ್ತೆಯನ್ನು, ವೈದ್ಯಾಧಿಕಾರಿಯನ್ನು ಕೇಳಿ. ಮೂರನೆಯದು: ಶಸ್ತ್ರಚಿಕಿತ್ಸೆ ಬೇಕೆಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿಗೆ ಹೋಗಬೇಡಿ, ಹಣ ಕಟ್ಟುವ ಮೊದಲು ಆ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು ಆರೋಗ್ಯಮಿತ್ರರನ್ನು ಕೇಳಿ.

ನಾನು ಮೇಷ್ಟರಾಗಿದ್ದವನು. ಹಲಗೆ ಕಾಣದ ಹುಡುಗನನ್ನು ದಡ್ಡನೆಂದು ಕರೆಯುವ ಪದ್ಧತಿಯನ್ನು ಬಲ್ಲೆ. ದೊಡ್ಡವರಾದ ಮೇಲೆ ಅದೇ ಹುಡುಗನನ್ನು ಮಾಲೀಕ ಸೋಮಾರಿಯೆನ್ನುತ್ತಾನೆ. ಇಬ್ಬರಿಗೂ ಉತ್ತರ ಒಂದು ಜೊತೆ ಗಾಜು.

ಆದ್ದರಿಂದ ಈ ಸಭೆಯ ಬೇಡಿಕೆ ಸ್ಪಷ್ಟವಿರಲಿ. ನಲವತ್ತು ದಾಟಿದ ಪ್ರತಿ ದುಡಿಮೆಗಾರರ ಕಣ್ಣು ಪರೀಕ್ಷೆ ಮತ್ತು ಕನ್ನಡಕ ಆರೋಗ್ಯ ಕಾರ್ಡಿನೊಳಗೆ ಸೇರಬೇಕು. ತಾಲ್ಲೂಕಿಗೆ ಕನಿಷ್ಠ ಒಂದು ಅಂಗಡಿಯೊಡನೆ ಸರ್ಕಾರ ದರ ಗೊತ್ತುಮಾಡಿ, ಬಾಕಿಯನ್ನು ತಿಂಗಳೊಳಗೆ ಸಲ್ಲಿಸಬೇಕು. ಹಣ ತಡವಾದರೆ ಯಾವ ಅಂಗಡಿಯವನೂ ನಿಲ್ಲುವುದಿಲ್ಲ. ಖಾಲಿಯಿರುವ ನೇತ್ರಾಧಿಕಾರಿಗಳ ಹುದ್ದೆ ತುಂಬಬೇಕು. 2025ರ ಸೆಪ್ಟೆಂಬರಿನಲ್ಲಿ ಕನ್ನಡಕದ ಮೇಲಿನ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರು. ಕೊಳ್ಳಲು ಕಾಸಿಲ್ಲದವನಿಗೆ ತೆರಿಗೆ ಇಳಿದರೆಷ್ಟು, ಬಿಟ್ಟರೆಷ್ಟು?

ಈ ಮನವಿಗೆ ಇಂದೇ ಸಹಿ ಹಾಕಿ. ಅಕ್ಷರ ಕಾಣದವರಿಗೆ ಪಕ್ಕದವರು ಓದಿ ಹೇಳಿ. ಹಾಗೆ ಓದಿಸಿಕೊಂಡು ಸಹಿ ಹಾಕಿದವರು ಎಷ್ಟು ಮಂದಿಯೆಂದು ಎಣಿಸಿ ಮನವಿಯ ಕೆಳಗೆ ಬರೆಯೋಣ. ತಹಸೀಲ್ದಾರರು ಅದನ್ನೇ ಮೊದಲು ಓದಲಿ.